ಪದ ವಿಚಾರ: ‘ಟೇಕ್‌ಅವೇ’ಗೆ ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ: ನಮ್ಮ ದರ್ಶಿನಿಗೆ ಹೊಸ ಬೋರ್ಡ್ ಬರೆಸುತ್ತಿದ್ದೇವೆ. ‘ಟೇಕ್‌ಅವೇ ಕೌಂಟರ್’ ಎಂಬುದನ್ನು ಬೋರ್ಡಿನವರು ಫೋನಿನಲ್ಲಿ ಅನುವಾದಿಸಿ ‘ತೆಗೆದುಕೊಂಡು ಹೋಗುವ ಕೌಂಟರ್’ ಎಂದು ತಂದಿದ್ದಾರೆ. ಇದು ಸರಿಯೇ?
– ಹೋಟೆಲ್ ಮಾಲೀಕರು, ದಾವಣಗೆರೆ

ಉತ್ತರ: ಹಾಗೆ ಬರೆಸಬೇಡಿ. ‘ತೆಗೆದುಕೊಂಡು ಹೋಗುವ’ ಎಂಬುದು ಮುಂದಿನ ಪದಕ್ಕೆ ಅಂಟಿಕೊಳ್ಳುವುದರಿಂದ, ಒಯ್ಯುವುದು ತಿಂಡಿಯನ್ನಲ್ಲ, ಕೌಂಟರನ್ನೇ ಎಂಬ ಅರ್ಥ ಬರುತ್ತದೆ. ‘ಪಾರ್ಸೆಲ್ ಕೌಂಟರ್’ ಅಥವಾ ‘ಪಾರ್ಸೆಲ್ ಇಲ್ಲಿ’ ಎಂದರೆ ಸಾಕು. ಇಂಗ್ಲಿಷಿನಿಂದ ಬಂದ ಪದ ಎಂಬ ಹಿಂಜರಿಕೆ ಬೇಡ. ಮೂಲದಲ್ಲಿ ‘ಸಣ್ಣ ಭಾಗ’ ಎಂಬ ಅರ್ಥದ ಈ ಪದಕ್ಕೆ ಇಂಗ್ಲೆಂಡಿನಲ್ಲಿ ಈಗ ಅಂಚೆಯಲ್ಲಿ ಬರುವ ಕಟ್ಟು ಎಂಬ ಅರ್ಥವೇ ಮುಖ್ಯ. ಹೋಟೆಲ್ ತಿಂಡಿಯ ಅರ್ಥ ಅದಕ್ಕೆ ಬಂದದ್ದು ನಮ್ಮ ಕಡೆಯ ಬಳಕೆಯಿಂದ.

ಅಚ್ಚ ಕನ್ನಡದ ಮಾತೇ ಬೇಕೆಂದರೆ ಅದು ನಾಮಪದದಲ್ಲಿಲ್ಲ, ‘ಕಟ್ಟು’ ಎಂಬ ಕ್ರಿಯಾಪದದಲ್ಲಿದೆ. ಕಾಗದದ ಮೇಲೆ ಬಾಳೆಎಲೆಯ ತುಂಡು ಹಾಸಿ, ಇಡ್ಲಿ ಇಟ್ಟು, ನಾಲ್ಕೂ ಅಂಚು ಮಡಚಿ, ಮೇಲೆ ತೂಗುವ ಉಂಡೆಯಿಂದ ದಾರ ಎಳೆದು, ಅಡ್ಡ ಒಂದು ಸುತ್ತು, ಉದ್ದ ಒಂದು ಸುತ್ತು ಹಾಕಿ ಪಟ್ಟನೆ ಹರಿಯುವ ಕೆಲಸವೇ ಆ ಕಟ್ಟು. ಆಹಾರವನ್ನು ಸುದ್ದಿಪತ್ರಿಕೆಯಲ್ಲಿ ಸುತ್ತುವುದನ್ನು 2018ರ ಆಹಾರ ಪ್ಯಾಕೇಜಿಂಗ್ ನಿಯಮಗಳು ನಿಷೇಧಿಸಿವೆ. ಹಲವು ಕಡೆ ದಾರದ ಜಾಗಕ್ಕೆ ಮುಚ್ಚಳದ ಡಬ್ಬಿ ಬಂದಿದೆ. ಆದರೂ ಗಿರಾಕಿ ಕೇಳುವುದು ‘ಎರಡು ಇಡ್ಲಿ-ವಡೆ ಕಟ್ಟಿ’ ಎಂದೇ. ಹುಬ್ಬಳ್ಳಿ ಕಡೆ ‘ಗಿರ್ಮಿಟ್ ಕಟ್ರಿ’. ಡಬ್ಬಿಗೆ ಬೇರೆ ದುಡ್ಡು ತೆಗೆದುಕೊಳ್ಳುವುದಿದ್ದರೆ ‘ಪಾರ್ಸೆಲ್ ಶುಲ್ಕ’ ಎಂದಷ್ಟೇ ಬರೆಸಬೇಡಿ, ಯಾತಕ್ಕೆ ಎಂದು ಜನ ಕೇಳುತ್ತಾರೆ. ‘ಪಾರ್ಸೆಲ್ ಡಬ್ಬಿಗೆ ₹5 ಪ್ರತ್ಯೇಕ’ ಎಂದು ಬರೆಸಿ.

ಪ್ರಶ್ನೆ: ಒಂದು ಬ್ರಿಟಿಷ್ ಕಾದಂಬರಿಯನ್ನು ಅನುವಾದಿಸುತ್ತಿದ್ದೇನೆ. ಅದರಲ್ಲಿ ‘ಟೇಕ್‌ಅವೇ’ ಹಲವು ಕಡೆ ಬರುತ್ತದೆ. ಎಲ್ಲ ಕಡೆಯೂ ‘ಬುತ್ತಿ’ ಎಂದು ಹಾಕಬಹುದೇ?
– ಅನುವಾದಕಿ, ಧಾರವಾಡ

ಉತ್ತರ: ‘ಬುತ್ತಿ’ ಹೊಂದುವುದಿಲ್ಲ. ಮನೆಯಲ್ಲಿ ಮಾಡಿ ಪ್ರಯಾಣಕ್ಕೋ ಹೊಲಕ್ಕೋ ಒಯ್ಯುವುದು ಬುತ್ತಿ. ಟೇಕ್‌ಅವೇ ದುಡ್ಡು ಕೊಟ್ಟು ಅಂಗಡಿಯಿಂದ ತರುವುದು. ‘ಪೊಟ್ಟಣ’ ಎಂದರೆ ಕಡಲೆಕಾಯಿಯೋ ಮಂಡಕ್ಕಿಯೋ ಕಣ್ಣಿಗೆ ಬರುತ್ತದೆ, ಊಟ ಬರುವುದಿಲ್ಲ.

ಮೊದಲು ಒಂದು ವಿಷಯ ನೋಡಿಕೊಳ್ಳಿ: ಬ್ರಿಟನ್ನಿನಲ್ಲಿ ಈ ಒಂದೇ ಪದ ಊಟಕ್ಕೂ ಅದನ್ನು ಮಾರುವ ಅಂಗಡಿಗೂ ನಡೆಯುತ್ತದೆ. ‘ಮೂಲೆಯ ಟೇಕ್‌ಅವೇ’ ಎಂದಿದ್ದರೆ ಅದು ಅಂಗಡಿ; ‘ಮೂಲೆಯ ಪಾರ್ಸೆಲ್ ಹೋಟೆಲು’ ಎನ್ನಿ. ‘ಇವತ್ತು ಟೇಕ್‌ಅವೇ ತಗೊಳ್ಳೋಣ’ ಎಂದಿದ್ದರೆ ಸಂದರ್ಭ ನೋಡಬೇಕು, ಏಕೆಂದರೆ ಅಲ್ಲಿ ಮನೆಗೇ ತಂದುಕೊಡುವ ಊಟವನ್ನೂ ಹಾಗೆಯೇ ಕರೆಯುತ್ತಾರೆ. ಪಾತ್ರ ತಾನೇ ಹೋದರೆ ‘ಕಟ್ಟಿಸಿಕೊಂಡು ಬರೋಣ’, ಫೋನ್ ಮಾಡಿದರೆ ‘ಹೋಟೆಲಿಂದ ತರಿಸೋಣ’.

ನಿಮ್ಮ ಕೈಯಲ್ಲಿ ಇಂಗ್ಲಿಷಿಗಿಲ್ಲದ ಒಂದು ಅನುಕೂಲವಿದೆ. ಹೋಟೆಲಿನವನು ‘ಕಟ್ಟಿಕೊಡುತ್ತಾನೆ’, ಗಿರಾಕಿ ‘ಕಟ್ಟಿಸಿಕೊಳ್ಳುತ್ತಾನೆ’. ಯಾರ ಕಡೆಯಿಂದ ಮಾತು ಬರುತ್ತಿದೆ ಎಂಬುದು ಕ್ರಿಯಾಪದದಲ್ಲೇ ಗೊತ್ತಾಗುತ್ತದೆ. ‘ಕಟ್ಟಿಸಿಕೊಂಡು ಬಂದ ನೂಡಲ್ಸ್ ಆರಿತ್ತು’ ಎಂಬ ವಾಕ್ಯಕ್ಕೆ ಬೇರೆ ನಾಮಪದವೇ ಬೇಡ. ಸಿಂಗಪುರ, ಮಲೇಷ್ಯಾಗಳಲ್ಲಿ ಬಳಸುವ ‘ತಾಪಾವ್’ ಕೂಡ ಚೀನೀ ಭಾಷೆಯ ‘ಕಟ್ಟು, ಪೊಟ್ಟಣ ಮಾಡು’ ಎಂಬ ಅರ್ಥದ ಮಾತಿನಿಂದಲೇ ಬಂದದ್ದು.

ಪ್ರಶ್ನೆ: ಓದಲು ಇಂಗ್ಲೆಂಡಿಗೆ ಹೊರಟಿದ್ದೇನೆ. ಅಲ್ಲಿ ‘ಪಾರ್ಸೆಲ್’ ಅಂದರೆ ಅರ್ಥವಾಗುತ್ತದೆಯೇ?
– ವಿದ್ಯಾರ್ಥಿನಿ, ಹಾಸನ

ಉತ್ತರ: ನಮ್ಮವರ ಹೋಟೆಲುಗಳಲ್ಲಿ ಬಿಟ್ಟರೆ ಆಗುವುದು ಕಷ್ಟ. ‘ಟೇಕ್‌ಅವೇ ಪ್ಲೀಸ್’ ಎನ್ನಿ. ಅಮೆರಿಕದಲ್ಲಾದರೆ ‘ಟು ಗೋ’. ಸ್ಕಾಟ್ಲೆಂಡಿನಲ್ಲಿ ‘ಕ್ಯಾರಿ-ಔಟ್’ ಎಂಬ ಮಾತಿದೆ, ಆದರೆ ಮನೆಗೆ ಕೊಂಡೊಯ್ಯುವ ಮದ್ಯಕ್ಕೂ ಅದೇ ಮಾತು. ಬ್ರಿಟನ್ನಿನಲ್ಲಿ ಗಲ್ಲೆಯವರು ಕೂತು ತಿನ್ನುತ್ತೀರೋ ಒಯ್ಯುತ್ತೀರೋ ಎಂದು ಕೇಳುವುದರಲ್ಲಿ ಬಿಲ್ಲಿನ ಲೆಕ್ಕವೂ ಇದೆ. ಕೂತು ತಿಂದರೆ ಶೇ 20ರಷ್ಟು ತೆರಿಗೆ. ಸ್ಯಾಂಡ್‌ವಿಚ್‌ನಂಥ ತಣ್ಣನೆಯ ತಿಂಡಿ ಒಯ್ದರೆ ಸಾಮಾನ್ಯವಾಗಿ ತೆರಿಗೆಯಿಲ್ಲ. ಬಿಸಿಯದಾದರೆ ಒಯ್ದರೂ ಇದೆ. ನಮ್ಮ ಸಾಮಾನ್ಯ ಹೋಟೆಲುಗಳಲ್ಲಿ ಕೂತು ತಿಂದರೂ ಒಯ್ದರೂ ಜಿಎಸ್‌ಟಿ ಶೇ 5.

ಇನ್ನೊಂದು ಎಚ್ಚರಿಕೆ: ತಟ್ಟೆಯಲ್ಲಿ ಉಳಿದದ್ದನ್ನು ಕಟ್ಟಿಸಿಕೊಳ್ಳಲು ನಾವು ‘ಇದನ್ನೂ ಪಾರ್ಸೆಲ್ ಮಾಡಿ’ ಎನ್ನುತ್ತೇವೆ. ಅಲ್ಲಿ ‘ಟೇಕ್‌ಅವೇ’ ಎಂದರೆ ಹೊಸದಾಗಿ ಆರ್ಡರ್ ಮಾಡುತ್ತಿದ್ದೀರಿ ಎಂದುಕೊಂಡಾರು. ಉಳಿದದ್ದಕ್ಕೆ ಡಬ್ಬಿ, ಅಂದರೆ ‘ಬಾಕ್ಸ್’, ಕೊಡಿ ಎಂದು ಕೇಳಿ.

ಪ್ರಶ್ನೆ: ಕಚೇರಿ ಸಭೆಯ ವರದಿಯಲ್ಲಿ ‘ಕೀ ಟೇಕ್‌ಅವೇಸ್’ ಎಂದಿದೆ. ಕನ್ನಡದಲ್ಲಿ?
– ಸಿಬ್ಬಂದಿ, ಮೈಸೂರು

ಉತ್ತರ: ‘ಮುಖ್ಯಾಂಶಗಳು’. ತರಬೇತಿ ಕಾರ್ಯಕ್ರಮದ ವರದಿಯಾದರೆ ‘ಕಲಿತದ್ದು’ ಎಂಬುದು ಇನ್ನೂ ಚೆನ್ನ. ಶಾಲೆಯ ಗಣಿತದಲ್ಲಿ ಎಂಟರಿಂದ ಐದನ್ನು ‘ಟೇಕ್ ಅವೇ’ ಎಂದರೆ ‘ಕಳೆ’.

ಪ್ರಶ್ನೆ: ‘ಪಾರ್ಸೆಲ್ಲು’ ಎಂದು ಎರಡು ಲಕಾರ ಏಕೆ? ‘ಪಾರ್ಸೆಲು’ ತಪ್ಪೇ?
– ಶಿಕ್ಷಕರು, ಶಿರಸಿ

ಉತ್ತರ: ಎರವಲು ಪದಕ್ಕೆ ಉಕಾರ ಸೇರುವಾಗ, ಕೊನೆಯ ವ್ಯಂಜನದ ಹಿಂದೆ ಹ್ರಸ್ವ ಸ್ವರವಿದ್ದರೆ ಆ ವ್ಯಂಜನ ಇಮ್ಮಡಿಸುತ್ತದೆ: ಬಸ್ಸು, ಪೆನ್ನು. ದೀರ್ಘವಿದ್ದರೆ ಇಲ್ಲ: ಕಾರು, ಗೇಟು. ‘ಪಾರ್ಸೆಲ್’ನಲ್ಲಿ ಲಕಾರದ ಹಿಂದಿರುವುದು ಹ್ರಸ್ವ ಎಕಾರವಾದ್ದರಿಂದ ‘ಪಾರ್ಸೆಲ್ಲು’ ನಿಯಮಕ್ಕೆ ಸರಿ. ಉದ್ದನೆಯ ಪದಗಳಲ್ಲಿ ಈ ಬಿಗಿ ಸಡಿಲುವುದುಂಟು, ‘ಹೋಟೆಲು’ ಎಂದು ಇದೇ ಅಂಕಣದಲ್ಲಿ ಬರೆದಿದ್ದೇವೆ. ಹಾಗಾಗಿ ‘ಪಾರ್ಸೆಲು’ ಬರೆದ ಮಕ್ಕಳ ಅಂಕ ಕತ್ತರಿಸಬೇಡಿ.