ಎತ್ತಿನಹೊಳೆ: ಕುಡಿಯುವ ನೀರಿನ ಯೋಜನೆಗೆ ಪರಿಸರ ಪರಿಶೀಲನೆ ಬೇಡವೇ?

ಎತ್ತಿನಹೊಳೆ ಸಮಗ್ರ ಕುಡಿಯುವ ನೀರಿನ ಯೋಜನೆಯ ಬಗ್ಗೆ ಬಂದ ಪತ್ರಗಳಲ್ಲಿ ಐದನ್ನು ಈ ಸಲ ಆರಿಸಿಕೊಂಡಿದ್ದೇನೆ. ಹೊಸ ಓದುಗರಿಗಾಗಿ ಎರಡು ಮಾತು: ಸಕಲೇಶಪುರ ತಾಲೂಕಿನ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳ ಇವಕ್ಕೆ ಎಂಟು ಕಡೆ ಒಡ್ಡು ಕಟ್ಟಿ, ಮಳೆಗಾಲದಲ್ಲಿ 24.01 ಟಿಎಂಸಿ ನೀರೆತ್ತಿ, ಪೈಪು ಮತ್ತು ಸುಮಾರು 250 ಕಿ.ಮೀ. ಗುರುತ್ವ ಕಾಲುವೆಯಲ್ಲಿ ಹಾಸನದಿಂದ ಕೋಲಾರದವರೆಗೆ ಏಳು ಜಿಲ್ಲೆಗಳಿಗೆ ಹಂಚುವುದು ಇದರ ಉದ್ದೇಶ. ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಚಾಲನೆ ಸಿಕ್ಕಿತು. ಕಾಲುವೆ ಪೂರ್ತಿಯಾಗಿರದ ಕಾರಣ ನೀರನ್ನು ತಾತ್ಕಾಲಿಕವಾಗಿ ವಾಣಿವಿಲಾಸ ಸಾಗರದ ಕಡೆಗೆ ತಿರುಗಿಸಿದರು.

ಪ್ರಶ್ನೆ: ನಮ್ಮೂರ ಪಕ್ಕದ ಕಲ್ಲು ಕ್ವಾರಿಗೆ ಸಾರ್ವಜನಿಕ ಅಹವಾಲು ಸಭೆ ಕರೆದಿದ್ದರು. ಇಷ್ಟು ದೊಡ್ಡ ನೀರಿನ ಯೋಜನೆಗೆ ಏಕೆ ಕರೆಯಲಿಲ್ಲ? (ಚಿಕ್ಕಬಳ್ಳಾಪುರದಿಂದ)

ಉತ್ತರ: ಯಾವ ಯೋಜನೆಗೆ ಪರಿಸರ ಪರಿಣಾಮದ ಅಧ್ಯಯನ ಕಡ್ಡಾಯ ಎಂಬುದನ್ನು ಕೇಂದ್ರ ಪರಿಸರ ಸಚಿವಾಲಯದ 2006ರ ಸೆಪ್ಟೆಂಬರ್ 14ರ ಅಧಿಸೂಚನೆಯ ಪಟ್ಟಿ ಹೇಳುತ್ತದೆ. ಗಣಿಗಾರಿಕೆ ಅದರಲ್ಲಿದೆ. 25 ಮೆಗಾವಾಟ್‌ನಿಂದ ಮೇಲಿನ ಜಲವಿದ್ಯುತ್ ಇದೆ, ನಿಗದಿತ ವಿಸ್ತೀರ್ಣ ಮೀರಿದ ನೀರಾವರಿ ಇದೆ. ಕುಡಿಯುವ ನೀರು ಸರಬರಾಜು ಇಲ್ಲ. ಪಟ್ಟಿಯಲ್ಲಿಲ್ಲದ ಮೇಲೆ ಅಹವಾಲು ಸಭೆಯೂ ಇಲ್ಲ, ತಜ್ಞರ ಸಮಿತಿಯ ಮುಂದೆ ಚರ್ಚೆಯೂ ಇಲ್ಲ. ಇದನ್ನು ಪ್ರಶ್ನಿಸಿದ ಅರ್ಜಿಗಳನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ವಜಾ ಮಾಡಿತು. 

ಆದರೆ ಆ ಪಟ್ಟಿಯಲ್ಲೇ ದೋಷವಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಯೋಜನೆಯ ಹೆಸರು ನೋಡುತ್ತದೆಯೇ ಹೊರತು ಹೊಳೆಯಿಂದ ಎಷ್ಟು ನೀರು ತೆಗೆಯುತ್ತೀರಿ ಎಂದು ಕೇಳುವುದಿಲ್ಲ. ಒಂದು ಊರಿನ ಓವರ್‌ಹೆಡ್ ಟ್ಯಾಂಕಿಗೂ ನಾಲ್ಕು ಹೊಳೆಗಳ ದಿಕ್ಕು ಬದಲಿಸುವುದಕ್ಕೂ ಒಂದೇ ವಿನಾಯಿತಿ. ಅದೂ ಅಲ್ಲದೆ, 24.01 ಟಿಎಂಸಿಯಲ್ಲಿ ಕುಡಿಯುವುದಕ್ಕೆಂದು ಇಟ್ಟದ್ದು ಸುಮಾರು 14 ಟಿಎಂಸಿ. ಉಳಿದ ಸುಮಾರು 10 ಟಿಎಂಸಿ 527 ಕೆರೆಗಳನ್ನು ಅರ್ಧದಷ್ಟು ತುಂಬಿಸಲು. ಕೆರೆ ತುಂಬಿದರೆ ಅಂತರ್ಜಲ ಏರುತ್ತದೆ, ಬೋರ್‌ವೆಲ್‌ಗೆ ನೀರು ಬರುತ್ತದೆ, ಆ ನೀರು ಟೊಮೆಟೊಗೂ ರೇಷ್ಮೆಗೂ ಹೋಗುತ್ತದೆ. ಅದು ತಪ್ಪಲ್ಲ, ಬಯಲುಸೀಮೆಯ ರೈತರಿಗೆ ಬೇಕಾದ್ದೇ. ಹಾಗಿದ್ದಲ್ಲಿ ನೀರಾವರಿ ಯೋಜನೆಗೆ ಆಗುವ ಪರಿಶೀಲನೆ ಇದಕ್ಕೂ ಆಗಬೇಕಿತ್ತು.

ಪ್ರಶ್ನೆ: ನಮ್ಮ ಕಾಫಿ ತೋಟದ ಕೆಳಗೇ ಒಂದು ಒಡ್ಡು ಕಟ್ಟಿದ್ದಾರೆ. ಈ ಹೊಳೆಗಳಲ್ಲಿ 24 ಟಿಎಂಸಿ ಇದೆಯೇ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. (ಸಕಲೇಶಪುರದಿಂದ)

ಉತ್ತರ: ಯಾರ ಮಾತನ್ನೂ ನಂಬಬೇಡಿ, ಕಾಗದ ಪೆನ್ನು ತೆಗೆದುಕೊಳ್ಳಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2.83 ಕೋಟಿ ಘನ ಮೀಟರ್. ಹಾಗಾದರೆ 24.01 ಟಿಎಂಸಿ ಸುಮಾರು 68 ಕೋಟಿ ಘನ ಮೀಟರ್ ಆಯಿತು. ಒಡ್ಡುಗಳ ಮೇಲಿನ ಜಲಾನಯನ ಪ್ರದೇಶ ಸುಮಾರು 176 ಚದರ ಕಿ.ಮೀ., ಎಂದರೆ 17.6 ಕೋಟಿ ಚದರ ಮೀಟರ್. ಭಾಗಿಸಿ: 3.86 ಮೀಟರ್. ಆ ಇಡೀ ಪ್ರದೇಶದ ಮೇಲೆ 3,860 ಮಿ.ಮೀ. ನೀರು ನಿಂತಂತೆ ಲೆಕ್ಕ. ಮಳೆಯಾಗಿ ಬಿದ್ದದ್ದಲ್ಲ, ಬಿದ್ದದ್ದರಲ್ಲಿ ಮಣ್ಣು, ಮರ, ತೋಟ, ಗದ್ದೆ ತಮ್ಮ ಪಾಲು ತೆಗೆದುಕೊಂಡ ಮೇಲೆ ಒಡ್ಡಿನವರೆಗೆ ಹರಿದು ಬರಬೇಕಾದದ್ದು.

ಘಟ್ಟದ ಅಂಚಿನಲ್ಲಿ ಮಳೆ ಜೋರು, ಅದು ನಿಮಗೇ ಗೊತ್ತು. ಮೂರು ಸಾವಿರ ಮಿ.ಮೀ. ದಾಟುವುದು ಸಾಮಾನ್ಯ, ಕೆಲವೆಡೆ ಕೆಲವು ವರ್ಷ ಐದು ಸಾವಿರವನ್ನೂ ಮುಟ್ಟುತ್ತದೆ. ಆದರೆ ಕೆಲವೇ ಕಿಲೋಮೀಟರ್ ಪೂರ್ವಕ್ಕೆ ಸರಿದರೆ ಮಳೆ ಸರ್ರನೆ ಇಳಿಯುತ್ತದೆ. ಹೀಗಾಗಿ ಯಾವ ಮಳೆಮಾಪನ ಕೇಂದ್ರದ ಅಂಕಿ ಹಿಡಿದಿರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಹೋದ್ಯೋಗಿಗಳ ಅಧ್ಯಯನಕ್ಕೆ ಸಿಕ್ಕ ನೀರಿನ ಇಳುವರಿ 9.55 ಟಿಎಂಸಿ, ಅಂದರೆ ಒಂದೂವರೆ ಮೀಟರ್ ಆಸುಪಾಸು. ಒಂದೇ ಜಾಗ, ಎರಡೂವರೆ ಪಟ್ಟು ವ್ಯತ್ಯಾಸ.

ಇಷ್ಟು ಅಂತರ ಬರಲು ಕಾರಣವುಂಟು. ತೊರೆಯ ಮೇಲೇ ಹತ್ತಾರು ವರ್ಷ ಹರಿವು ಅಳೆದಿರುವುದು ನಮ್ಮಲ್ಲಿ ಅಪರೂಪ. ಅಳತೆ ಇಲ್ಲದಾಗ ಎಷ್ಟೋ ಕೆಳಗಿನ ಮಾಪನ ಕೇಂದ್ರದ ಅಂಕಿಯನ್ನು ವಿಸ್ತೀರ್ಣಕ್ಕೆ ತಕ್ಕಂತೆ ಹಂಚುವುದು, ಇಲ್ಲವೇ ಮಳೆಯ ಇಂತಿಷ್ಟು ಪಾಲು ಹರಿದುಬರುತ್ತದೆ ಎಂದು ಊಹಿಸುವುದು ಎಂಜಿನಿಯರುಗಳ ರೂಢಿ. ಆ ಊಹೆ ಶೇ 50 ಎಂದಿಟ್ಟರೆ ಒಂದು ಉತ್ತರ, ಶೇ 80 ಎಂದಿಟ್ಟರೆ ಇನ್ನೊಂದು. ಇಂಥ ಊಹೆಗಳನ್ನು ಹೊರಗಿನ ತಜ್ಞರ ಮುಂದೆ ಬಿಚ್ಚಿಡುವಂತೆ ಮಾಡುವುದೇ ಪರಿಸರ ಪರಿಶೀಲನೆಯ ದೊಡ್ಡ ಉಪಯೋಗ. ಕಾಡು, ಪ್ರಾಣಿಗಳಿಗಾಗಿ ಮಾತ್ರ ಅದು ಎಂದುಕೊಂಡವರು ಬಹಳ ಮಂದಿ.

ಇನ್ನೂ ಒಂದು ಕೇಳಿ: ಈ ನೀರು ಹತ್ತು ವರ್ಷದಲ್ಲಿ ಎಷ್ಟು ವರ್ಷ ಸಿಗುತ್ತದೆ? ನೀರಾವರಿಗೆ ನಾಲ್ಕು ವರ್ಷದಲ್ಲಿ ಮೂರು ವರ್ಷ ಸಿಕ್ಕರೆ ಸಾಕು ಎಂದು ಲೆಕ್ಕ ಹಾಕುತ್ತಾರೆ. ಕುಡಿಯುವ ನೀರಿಗೆ ಹೆಚ್ಚೂಕಡಿಮೆ ಪ್ರತಿ ವರ್ಷವೂ ಸಿಗಬೇಕು. ಸರಾಸರಿ ವರ್ಷದ ಅಂಕಿ ತೋರಿಸಿ ಕುಡಿಯುವ ನೀರಿನ ಭರವಸೆ ಕೊಡುವಂತಿಲ್ಲ.

ಪ್ರಶ್ನೆ: ತುಂಬೆ ಅಣೆಕಟ್ಟು ಬತ್ತುತ್ತದೆಯೇ? (ಮಂಗಳೂರಿನಿಂದ)

ಉತ್ತರ: ಮಂಗಳೂರಿಗೆ ಕುಡಿಯುವ ನೀರು ಕೊಡುವ ತುಂಬೆ ಇರುವುದು ನೇತ್ರಾವತಿಯ ಮೇಲೆ, ಈ ತೊರೆಗಳ ನೀರೂ ಕೊನೆಗೆ ಸೇರುವುದು ಅದನ್ನೇ. ಆದರೂ ಈ ಯೋಜನೆಯೊಂದರಿಂದಲೇ ಬತ್ತುತ್ತದೆ ಎನ್ನಲಾರೆ. ನೇತ್ರಾವತಿಯ ಜಲಾನಯನ ಮೂರು ಸಾವಿರ ಚದರ ಕಿ.ಮೀ. ಮೀರಿದ್ದು, ಅದರಲ್ಲಿ ಒಡ್ಡುಗಳ ಮೇಲಿನ ಈ 176 ಚದರ ಕಿ.ಮೀ. ಸಣ್ಣ ಪಾಲು. ನನ್ನ ಚಿಂತೆ ಇರುವುದು ಒಡ್ಡಿನ ಕೆಳಗಿನ ತೊರೆಗಳ ಬಗ್ಗೆ, ಅವು ಸೇರುವ ಗುಂಡ್ಯ ಹೊಳೆಯ ಬಗ್ಗೆ, ಅದರಲ್ಲೂ ಅಕ್ಟೋಬರ್, ನವೆಂಬರ್ ತಿಂಗಳ ಬಗ್ಗೆ. ಜುಲೈಯಲ್ಲಿ ಸೊಕ್ಕಿ ಹರಿಯುವಾಗ ಸ್ವಲ್ಪ ತೆಗೆದರೆ ಹೊಳೆ ತಡೆದುಕೊಳ್ಳುತ್ತದೆ. ಮಳೆ ಹಿಂದೆ ಸರಿದ ಮೇಲೆ ಬರುವುದು ಕಾಡಿನ ನೆಲ ಒಸರುವ ನೀರು. ಅದನ್ನೂ ಪಂಪಿಗೆ ಕೊಟ್ಟರೆ ಮೀನಿಗೂ ಕೆಳಗಿನ ತೋಟಕ್ಕೂ ಉಳಿಯುವುದೇನು? ಎಷ್ಟು ಹರಿವಿಗೆ ಪಂಪು ನಿಲ್ಲಬೇಕು ಎಂಬುದನ್ನು ಬರೆದಿಟ್ಟು, ಪ್ರತಿದಿನದ ಹರಿವನ್ನು ಜನರಿಗೆ ಕಾಣುವಂತೆ ಪ್ರಕಟಿಸಬೇಕು. ಇದಕ್ಕೆ ಹೊಸ ಕಾನೂನು ಬೇಕಿಲ್ಲ.

ಪ್ರಶ್ನೆ: ನೀವು ಲೆಕ್ಕ ಕೇಳುತ್ತ ಕೂತರೆ ನಮಗೆ ನೀರು ಯಾವಾಗ? ನಮ್ಮ ಮಕ್ಕಳು ಫ್ಲೋರೈಡ್ ನೀರು ಕುಡಿಯುತ್ತಿದ್ದಾರೆ. (ಕೋಲಾರ ಜಿಲ್ಲೆಯಿಂದ)

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಸಾವಿರ ಅಡಿ ಕೊರೆದರೂ ನೀರು ಸಿಗದ ಊರಿನವರ ಮುಂದೆ ಪರಿಸರದ ಪಾಠ ಒಪ್ಪಿಸುವುದು ನನಗೆ ಸಾಧ್ಯವಿಲ್ಲ. ಆದರೆ ಒಂದು ವಿಷಯ ಗಮನಿಸಿ. ಇಲ್ಲಿ ಅಹವಾಲು ಸಭೆ ನಡೆದಿಲ್ಲ, ಪರಿಣಾಮದ ಅಧ್ಯಯನಕ್ಕೆಂದು ವರ್ಷಗಳು ಹೋಗಿಲ್ಲ. ಆದರೂ 2012ರಲ್ಲಿ 8,323 ಕೋಟಿ ರೂಪಾಯಿ ಇದ್ದ ಅಂದಾಜು 2014ರಲ್ಲಿ 12,912 ಕೋಟಿಗೆ, 2023ರಲ್ಲಿ 23,251 ಕೋಟಿಗೆ ಏರಿತು. ಕೊರಟಗೆರೆ ಮತ್ತು ದೊಡ್ಡಬಳ್ಳಾಪುರ ತಾಲೂಕುಗಳ ಗಡಿಯಲ್ಲಿ ಕಟ್ಟಬೇಕಿದ್ದ ಭೈರಗೊಂಡ್ಲು ಜಲಾಶಯ, ಅಕ್ಕಪಕ್ಕದ ಹೊಲಗಳಿಗೆ ಬೇರೆಬೇರೆ ಪರಿಹಾರ ದರ ಎಂಬ ತಕರಾರಿನಲ್ಲಿ ಸಿಕ್ಕಿಕೊಂಡಿತು. ಆ ತಕರಾರು ಮೊದಲ ಸಭೆಯಲ್ಲೇ ಎದ್ದು ಬರುತ್ತಿತ್ತು, ಸಭೆ ಕರೆದಿದ್ದರೆ.

ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯನ್ನು ನೆನಪಿಸಿಕೊಳ್ಳಿ. 2018ರಲ್ಲಿ ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯ ನೀರು ನಿಮ್ಮ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂತು, ಕೆಲವೇ ವಾರಗಳಲ್ಲಿ ನೊರೆ ಎದ್ದಿತು, ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಮೊದಲೇ ಕೂತು ಪ್ರಶ್ನೆ ಕೇಳಿದ್ದರೆ ಕೋರ್ಟಿನಲ್ಲಿ ಕಳೆದ ಸಮಯ ಉಳಿಯುತ್ತಿತ್ತು.

ಕರೆಂಟಿನ ಲೆಕ್ಕವೂ ನಿಮಗೆ ಸೇರಿದ್ದೇ. ಒಂದು ಟಿಎಂಸಿ ನೀರನ್ನು ನೂರು ಮೀಟರ್ ಎತ್ತಲು, ಪಂಪಿನ ನಷ್ಟ ಸೇರಿಸಿದರೆ, ಹತ್ತಿರಹತ್ತಿರ ಒಂದು ಕೋಟಿ ಯೂನಿಟ್ ಬೇಕು. ಎತ್ತರ ಹೆಚ್ಚಿದಂತೆ, ನೀರು ಹೆಚ್ಚಿದಂತೆ ಅದನ್ನು ಗುಣಿಸುತ್ತ ಹೋಗಿ. ಈ ಬಿಲ್ಲನ್ನು ಪ್ರತಿ ವರ್ಷ ಯಾರು ಕಟ್ಟುತ್ತಾರೆ ಎಂಬುದು ತೀರ್ಮಾನವಾಗದಿದ್ದರೆ, ಕಾಲುವೆಯ ಕೊನೆಯಲ್ಲಿರುವ ನಿಮಗೇ ಮೊದಲು ನೀರು ತಪ್ಪುವುದು. ಹೊಳೆಯಲ್ಲಿ ನೀರು ಕಡಿಮೆ ಬಿದ್ದರೂ ಹಾಗೆಯೇ, ಮೇಲಿನ ಜಿಲ್ಲೆಗಳು ತೆಗೆದುಕೊಂಡು ಉಳಿದದ್ದು ಕೋಲಾರಕ್ಕೆ. ಆದ್ದರಿಂದ ಲೆಕ್ಕ ಕೇಳಬೇಕಾದವರಲ್ಲಿ ನೀವೇ ಮೊದಲಿಗರು. ಅಲ್ಲಿಯವರೆಗೆ ಊರಿನ ಶುದ್ಧ ನೀರಿನ ಘಟಕ ಕೆಟ್ಟು ನಿಂತಿದ್ದರೆ ಪಂಚಾಯಿತಿಯ ಬೆನ್ನು ಹತ್ತಿ, ಶಾಲೆಯ ಚಾವಣಿಯ ಮಳೆನೀರು ಹಿಡಿಯಿರಿ. ಮಳೆನೀರಿನಲ್ಲಿ ಫ್ಲೋರೈಡ್ ಕಾಟವಿಲ್ಲ.

ಪ್ರಶ್ನೆ: ನಾವು ಯಾವ ದಾಖಲೆ ಕೇಳಬಹುದು? (ಕೊರಟಗೆರೆಯಿಂದ)

ಉತ್ತರ: ಯೋಜನೆ ನಡೆಸುತ್ತಿರುವ ವಿಶ್ವೇಶ್ವರಯ್ಯ ಜಲ ನಿಗಮಕ್ಕೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಇಡೀ ಯೋಜನಾ ವರದಿ ಕೇಳಿದರೆ ಸಾವಿರಾರು ಪುಟಕ್ಕೆ ದುಡ್ಡು ಕಟ್ಟಿ ಎನ್ನಬಹುದು. ಜಲವಿಜ್ಞಾನದ ಅಧ್ಯಾಯ, ನಿಮ್ಮ ಗ್ರಾಮದ ಸರ್ವೆ ನಂಬರುಗಳ ಪಟ್ಟಿ, ಪಂಪ್ ಮಾಡಿದ ದಿನವಹಿ ಅಂಕಿ, ಇಷ್ಟು ಕೇಳಿ. ಕಾಲುವೆ ಅರಣ್ಯ ಜಮೀನಿನಲ್ಲಿ ಹಾದುಹೋಗುವ ಕಡೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ (2023ರಲ್ಲಿ ಅದರ ಹೆಸರು ಬದಲಾಗಿದೆ) ಅನ್ವಯಿಸುತ್ತದೆ. ಕುಡಿಯುವ ನೀರು ಎಂಬ ಹೆಸರು ಅಲ್ಲಿ ವಿನಾಯಿತಿ ಕೊಡುವುದಿಲ್ಲ. ಆ ಅರ್ಜಿ, ನಕ್ಷೆ, ಅರಣ್ಯಾಧಿಕಾರಿಯ ಸ್ಥಳ ಪರಿಶೀಲನಾ ವರದಿಯನ್ನು ಅರಣ್ಯ, ಪರಿಸರ ಅನುಮತಿಗಳಿಗಾಗಿ ಇರುವ ಕೇಂದ್ರದ ಪರಿವೇಶ್ ಪೋರ್ಟಲ್‌ನಲ್ಲಿ ಹುಡುಕಿ. ಮೊದಲ ಹಂತದ ಒಪ್ಪಿಗೆ ಎಂದಿದ್ದರೆ ಅದು ಷರತ್ತುಗಳ ಪಟ್ಟಿ ಮಾತ್ರ. ಷರತ್ತು ಪೂರೈಸಿ ಅಂತಿಮ ಒಪ್ಪಿಗೆ ಸಿಗಬೇಕು. ಸಿಕ್ಕ ಕಾಗದಗಳನ್ನು ಗ್ರಾಮಸಭೆಯಲ್ಲಿ ಓದಿಸಿ, ನಡಾವಳಿಯಲ್ಲಿ ಬರೆಸಿ, ಅದರ ದೃಢೀಕೃತ ನಕಲನ್ನು ಕೈಯಲ್ಲಿಟ್ಟುಕೊಂಡೇ ಭೂಸ್ವಾಧೀನಾಧಿಕಾರಿಯ ಮುಂದೆ ಹೋಗಿ.