ಓದುಗರ ಪ್ರಶ್ನೆ: ಓಡಿ ಕೂಡಿಸಿದ ಹಣ ಸಂಶೋಧನೆಗೇ ಸೇರಬೇಕಾದರೆ

ರಕ್ತ ಕ್ಯಾನ್ಸರ್ ಸಂಶೋಧನೆಗಾಗಿ ಮ್ಯಾರಥಾನ್ ಓಡಲು ಹೊರಟವರ ಪ್ರಶ್ನೆಗಳಿಗೆ ಈ ಸಲ ರಕ್ತರೋಗ ತಜ್ಞರು, ಓಟದ ತರಬೇತುದಾರರು ಮತ್ತು ಲೆಕ್ಕಪರಿಶೋಧಕರು ಉತ್ತರಿಸಿದ್ದಾರೆ.

ಪ್ರಶ್ನೆ: ಜನವರಿಯ ಮುಂಬೈ ಮ್ಯಾರಥಾನ್ ಓಡಿ ರಕ್ತ ಕ್ಯಾನ್ಸರ್ ಸಂಶೋಧನೆಗೆ ಒಂದು ಲಕ್ಷ ರೂಪಾಯಿ ಕೂಡಿಸುವ ಆಸೆ. ಎಲ್ಲಿಂದ ಶುರು ಮಾಡಲಿ? (ಹುಬ್ಬಳ್ಳಿ)

ಉತ್ತರ: ಶೂ ಕೊಳ್ಳುವುದಕ್ಕೂ ಮೊದಲು, ಹಣ ಯಾರ ಕೈ ಸೇರುತ್ತದೆ ಎಂಬುದನ್ನು ಖಚಿತ ಮಾಡಿಕೊಳ್ಳಿ. ಓಟಕ್ಕೆ ಕಟ್ಟುವ ಪ್ರವೇಶ ಶುಲ್ಕ ದೇಣಿಗೆಯಲ್ಲ. ಮುಂಬೈಯಲ್ಲಿ ದೇಣಿಗೆಯ ಏರ್ಪಾಡು ಯುನೈಟೆಡ್ ವೇ ಮುಂಬೈ ಸಂಸ್ಥೆಯದು. ಅಲ್ಲಿ ನೋಂದಾಯಿತವಾದ ಸಂಸ್ಥೆಗಳಲ್ಲಿ ಒಂದನ್ನು ಆರಿಸಿ, ಅದರ ಹೆಸರಿನಲ್ಲಿ ಹಣ ಕೂಡಿಸಬೇಕು. ಹೆಸರಿನಲ್ಲಿ ‘ಕ್ಯಾನ್ಸರ್’ ಇದ್ದ ಮಾತ್ರಕ್ಕೆ ಒಪ್ಪಿಕೊಳ್ಳಬೇಡಿ. ರೋಗಿಗಳ ಔಷಧಿ, ವಸತಿ, ಊಟ ನೋಡಿಕೊಳ್ಳುವ ಸಂಸ್ಥೆಗಳೂ ಇರುತ್ತವೆ. ಅದು ದೊಡ್ಡ ಕೆಲಸವೇ, ಆದರೆ ಸಂಶೋಧನೆಯಲ್ಲ. ಮೂರು ವಿಷಯಗಳನ್ನು ಪತ್ರ ಬರೆದು ಕೇಳಿ: ಸಂಶೋಧನೆಗೇ ಮೀಸಲಾದ ನಿಧಿ ಇದೆಯೇ? ಅದು ಯಾವ ಪ್ರಯೋಗಾಲಯಕ್ಕೆ, ಯಾವ ಅಧ್ಯಯನಕ್ಕೆ ಹೋಗುತ್ತದೆ? ಆಡಳಿತ ವೆಚ್ಚಕ್ಕೆ ಎಷ್ಟು ಕಳೆಯುತ್ತೀರಿ? ಉತ್ತರವೂ ಬರಹದಲ್ಲೇ ಬರಲಿ. ಇಲ್ಲವಾದರೆ ನಿಮ್ಮ ಹಣ ಸಾಮಾನ್ಯ ಖಾತೆಗೆ ಸೇರಿ ಕಟ್ಟಡದ ಬಣ್ಣಕ್ಕೂ ಖರ್ಚಾಗಬಹುದು.

ಸ್ನೇಹಿತರ ಹಣವನ್ನು ನಿಮ್ಮ ಯುಪಿಐಗೆ ಹಾಕಿಸಿಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಆಗ ರಸೀದಿ ನಿಮ್ಮ ಹೆಸರಿಗೆ ಬರುತ್ತದೆ. ಕೊಟ್ಟವರಿಗೆ 80ಜಿ ಎಂದು ನಾವು ಕರೆಯುತ್ತ ಬಂದಿರುವ ತೆರಿಗೆ ರಿಯಾಯಿತಿ ಸಿಗುವುದಿಲ್ಲ. ದಾನಿಯೇ ತನ್ನ ಪ್ಯಾನ್ ಕೊಟ್ಟು ಸಂಸ್ಥೆಯ ಖಾತೆಗೆ ನೇರವಾಗಿ ಕಟ್ಟಲಿ. 2000 ರೂಪಾಯಿ ಮೀರಿದ ನಗದಿಗೂ ರಿಯಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ. ಅದನ್ನು ಮೊದಲೇ ಹೇಳಿಬಿಡಿ, ಆಮೇಲಿನ ಮುನಿಸು ತಪ್ಪುತ್ತದೆ.

ಒಂದು ಲಕ್ಷವನ್ನು ಒಡೆದು ನೋಡಿ: 2000 ಕೊಡುವ 10 ಜನ, 1000 ಕೊಡುವ 40 ಜನ, 500 ಕೊಡುವ 80 ಜನ. ಅಂದರೆ 130 ಜನರನ್ನು ಒಪ್ಪಿಸಬೇಕು, ಅದಕ್ಕೆ ಇನ್ನೂ ಹೆಚ್ಚು ಜನರನ್ನು ಕೇಳಬೇಕು. ವಾಟ್ಸಾಪ್ ಗುಂಪಿಗೆ ಹಾಕಿದ ಸಂದೇಶಕ್ಕೆ ‘ಆಲ್ ದಿ ಬೆಸ್ಟ್’ ಬರುತ್ತದೆ, ಹಣ ಬರುವುದಿಲ್ಲ. ಒಬ್ಬೊಬ್ಬರಿಗೂ ಹೆಸರು ಹಿಡಿದು, ಮೊತ್ತ ಹೇಳಿ ಕೇಳಿ. ಮೊದಲ ದೇಣಿಗೆ ನಿಮ್ಮದೇ ಇರಲಿ. ಓಟ ಮುಗಿದ ವಾರ ಮತ್ತೊಮ್ಮೆ ಕೇಳಲು ಮರೆಯಬೇಡಿ.

ಪ್ರಶ್ನೆ: ನಮ್ಮಲ್ಲಿ ಔಷಧಿಗೇ ದುಡ್ಡಿಲ್ಲದ ರೋಗಿಗಳಿರುವಾಗ ಸಂಶೋಧನೆಗೆ ಕೊಡುವುದು ಸರಿಯೇ? (ಚಿತ್ರದುರ್ಗ)

ಉತ್ತರ: ಎರಡಕ್ಕೂ ಕೊಡಿ, ಆದರೆ ಲೆಕ್ಕ ಬೇರೆ ಬೇರೆ ಇಡಿ. 1988ರಲ್ಲಿ ಅಮೆರಿಕದ ಲ್ಯುಕೇಮಿಯಾ (ರಕ್ತ ಕ್ಯಾನ್ಸರಿನ ಒಂದು ಬಗೆ) ಸೊಸೈಟಿಗಾಗಿ 38 ಜನ ನ್ಯೂಯಾರ್ಕ್ ಮ್ಯಾರಥಾನ್ ಓಡಿ 3,22,000 ಡಾಲರ್ ಕೂಡಿಸಿದರು. ಅದೇ ಸೊಸೈಟಿ ಧನಸಹಾಯ ಕೊಟ್ಟ ವಿಜ್ಞಾನಿಗಳಲ್ಲಿ ಬ್ರಯಾನ್ ಡ್ರೂಕರ್ ಒಬ್ಬರು. ಅವರು ದುಡಿದ ಇಮ್ಯಾಟಿನಿಬ್ ಮಾತ್ರೆಗೆ 2001ರಲ್ಲಿ ಅಲ್ಲಿ ಅನುಮತಿ ಸಿಕ್ಕಿತು. ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾ ಇರುವವರು ಇವತ್ತು ದಿನಕ್ಕೊಂದು ಮಾತ್ರೆ ನುಂಗಿ ಕೆಲಸಕ್ಕೆ ಹೋಗುತ್ತಿರುವುದು ಅದರಿಂದ. ನಮ್ಮಲ್ಲೂ ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ರೂಪಿಸಿದ ಕಾರ್-ಟಿ ಕೋಶ ಚಿಕಿತ್ಸೆಗೆ (ರೋಗಿಯದೇ ರೋಗನಿರೋಧಕ ಕೋಶಗಳನ್ನು ಮಾರ್ಪಡಿಸಿ ಕ್ಯಾನ್ಸರ್ ಮೇಲೆ ಬಿಡುವ ವಿಧಾನ) 2023ರಲ್ಲಿ ಅನುಮತಿ ದೊರೆಯಿತು. ಹೊರದೇಶದಲ್ಲಿ ಕೋಟಿಗಟ್ಟಲೆ ಬೀಳುವ ಚಿಕಿತ್ಸೆ ಇಲ್ಲಿ ಅದರ ಸಣ್ಣ ಪಾಲಿಗೆ ಸಿಗುವಂತಾದದ್ದು ಇಲ್ಲೇ ಸಂಶೋಧನೆ ನಡೆದದ್ದರಿಂದ.

ಪ್ರಶ್ನೆ: ಲಿಂಫೋಮಾ (ದುಗ್ಧಗ್ರಂಥಿಗಳಲ್ಲಿ ಬೆಳೆಯುವ ರಕ್ತ ಕ್ಯಾನ್ಸರ್) ಚಿಕಿತ್ಸೆ ಮುಗಿದು ಎರಡು ವರ್ಷವಾಯಿತು. ನಾನೇ ಓಡಬಹುದೇ? (ಮಂಗಳೂರು)

ಉತ್ತರ: ಓಡಿದವರು ಇದ್ದಾರೆ. ಆದರೆ ‘ಆರಾಮಾಗಿದ್ದೀನಿ’ ಎಂಬುದು ಸಾಲದು. ನಿಮಗೆ ಯಾವ ಔಷಧಿ ಕೊಟ್ಟಿದ್ದರು ಎಂಬ ಡಿಸ್ಚಾರ್ಜ್ ಹಾಳೆ ಹಿಡಿದು ವೈದ್ಯರ ಬಳಿ ಹೋಗಿ. ಡಾಕ್ಸೊರುಬಿಸಿನ್ ಪಡೆದಿದ್ದರೆ ಹೃದಯದ ಎಕೋ ಪರೀಕ್ಷೆ ಬೇಕು. ಆ ಔಷಧಿಯಿಂದ ಹೃದಯದ ಸ್ನಾಯುವಿಗೆ ಆದ ಪೆಟ್ಟು ವರ್ಷಗಳ ನಂತರವೂ ಕಾಣಿಸಿಕೊಳ್ಳಬಹುದು. ಬ್ಲಿಯೊಮೈಸಿನ್ ಆಗಿದ್ದರೆ ಶ್ವಾಸಕೋಶದ ಪರೀಕ್ಷೆ. ವಿನ್‌ಕ್ರಿಸ್ಟಿನ್‌ನಿಂದ ಪಾದ ಜೋಮು ಹಿಡಿದಿದ್ದರೆ ಗುಳ್ಳೆ ಎದ್ದದ್ದೇ ತಿಳಿಯುವುದಿಲ್ಲ, ಹೆಜ್ಜೆಯೂ ತಪ್ಪುತ್ತದೆ. ಪ್ರತಿ ಓಟದ ಬಳಿಕ ಅಂಗಾಲು ನೋಡಿಕೊಳ್ಳಿ. ಸ್ಟಿರಾಯ್ಡ್ ಹೆಚ್ಚು ಪಡೆದವರಿಗೆ ತೊಡೆಸಂದಿನಲ್ಲಿ ನೋವು ಬಂದರೆ ಅದನ್ನು ಸ್ನಾಯು ಸೆಳೆತ ಎಂದು ಓಡಿ ತೀರಿಸಲು ಹೋಗಬೇಡಿ. ಸೊಂಟದ ಕೀಲಿನ ಮೂಳೆಗೆ ರಕ್ತಪೂರೈಕೆ ನಿಂತಿರಬಹುದು, ಎಂಆರ್‌ಐ ಮಾಡಿಸಿ. ಎಲ್ಲ ಸರಿಯಿದ್ದರೂ ಮೂರು ತಿಂಗಳು ನಡಿಗೆ, ಆಮೇಲೆ 10 ಕಿ.ಮೀ., ಪೂರ್ಣ ಮ್ಯಾರಥಾನ್ ಮುಂದಿನ ವರ್ಷಕ್ಕೆ ಎಂಬುದು ನಮ್ಮ ಸಲಹೆ.

ಪ್ರಶ್ನೆ: ಲಂಡನ್ ಮ್ಯಾರಥಾನ್ ಓಡಿ ಬೆಂಗಳೂರಿನ ಸಂಸ್ಥೆಯೊಂದಕ್ಕೆ ಹಣ ಕಳಿಸಬಹುದೇ? (ಬ್ರಿಟನ್‌ನಲ್ಲಿರುವ ಕನ್ನಡಿಗರು)

ಉತ್ತರ: ಭಾರತೀಯ ಪಾಸ್‌ಪೋರ್ಟ್ ಇರುವವರು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಬ್ರಿಟಿಷ್ ಪೌರರು, ಒಸಿಐ ಕಾರ್ಡಿನವರು (ಭಾರತೀಯ ಮೂಲದ ವಿದೇಶಿ ಪೌರರು) ಕೊಟ್ಟದ್ದು ವಿದೇಶಿ ದೇಣಿಗೆಯೇ. ಅದನ್ನು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಪೂರ್ವಾನುಮತಿ ಇರುವ ಸಂಸ್ಥೆ ಮಾತ್ರ, ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ನಿಗದಿತ ಖಾತೆಯಲ್ಲೇ ಪಡೆಯಬೇಕು. ಎಲ್ಲರ ಹಣ ಬೆರೆಸಿ ಕಳಿಸಿದರೆ ಸಂಸ್ಥೆಗೇ ತೊಂದರೆ. ಅಲ್ಲಿನ ಬ್ಲಡ್ ಕ್ಯಾನ್ಸರ್ ಯುಕೆಯಂಥ ಸಂಸ್ಥೆಗೆ ಕೂಡಿಸುವುದಾದರೆ, ತೆರಿಗೆ ಕಟ್ಟುವವರು ಗಿಫ್ಟ್ ಏಡ್ ಗುರುತು ಹಾಕಿದಾಗ ಪ್ರತಿ ಪೌಂಡಿಗೆ ಸರ್ಕಾರದಿಂದ 25 ಪೆನ್ಸ್ ಸೇರುತ್ತದೆ. ಚಾರಿಟಿ ಜಾಗ (ಸಂಸ್ಥೆಯ ಮೂಲಕ ಸಿಗುವ ಓಟದ ಪ್ರವೇಶ) ಪಡೆದವರು ಸಾಮಾನ್ಯವಾಗಿ 2000 ಪೌಂಡ್ ಆಸುಪಾಸಿನ ಮಾತು ಕೊಡಬೇಕಾಗುತ್ತದೆ. ಗಿಫ್ಟ್ ಏಡ್ ಆ ಲೆಕ್ಕಕ್ಕೆ ಸೇರುತ್ತದೋ ಇಲ್ಲವೋ ಕೇಳಿಕೊಂಡು ಸಹಿ ಹಾಕಿ. ಗಾಯವಾಗಿ ಓಡಲಾಗದಿದ್ದರೆ ಏನು ಎಂಬ ಷರತ್ತನ್ನೂ ಓದಿ.

ಪ್ರಶ್ನೆ: 30 ಕಿ.ಮೀ. ದಾಟುವಾಗ ಕಾಲು ಕೈಕೊಡುತ್ತದೆ. ಏಕೆ? (ಮೈಸೂರು)

ಉತ್ತರ: ಸ್ನಾಯುವಿನ ಗ್ಲೈಕೋಜನ್ (ಕೂಡಿಟ್ಟ ಸಕ್ಕರೆ) ಅಲ್ಲಿಗೆ ಬರಿದಾಗುತ್ತದೆ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್ ಬೇಕು. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ. ಮೊದಲ 45 ನಿಮಿಷದಲ್ಲೇ ತಿನ್ನಲು ಶುರು ಮಾಡಿ. ಹಿಂದಿನ ರಾತ್ರಿ ರಾಗಿ ಮುದ್ದೆ, ಸೊಪ್ಪು ಬೇಡ, ನಾರು ಹೊಟ್ಟೆ ಕೆಡಿಸುತ್ತದೆ, ಅನ್ನ ಸಾಕು. ಬಾಯಾರಿದಷ್ಟೇ ಕುಡಿಯಿರಿ. ಬರೀ ನೀರು ಅತಿಯಾದರೆ ರಕ್ತದ ಸೋಡಿಯಂ ಕುಸಿದು ಪ್ರಾಣಕ್ಕೇ ಕುತ್ತು. ನೋವಿಗೆ ಐಬುಪ್ರೊಫೆನ್ ನುಂಗಿ ಓಡಬೇಡಿ, ಕಿಡ್ನಿಗೆ ಹೊಡೆತ. ಮುಂಬೈಯಲ್ಲಿ ಪೆಡ್ಡರ್ ರೋಡಿನ ಏರು ಬರುವುದು ಕೊನೆಯ ಹಂತದಲ್ಲಿ. ಅದಕ್ಕೆ ಕಾಲು ಉಳಿಸಿಕೊಳ್ಳಿ.

ಪ್ರಶ್ನೆ: ಓಟದ ತಿಂಗಳಲ್ಲೇ ರಕ್ತದಾನವನ್ನೂ ಮಾಡಬೇಕೆಂದಿದ್ದೇನೆ. (ತುಮಕೂರು)

ಉತ್ತರ: ಓಟ ಮುಗಿಸಿ, ಚೇತರಿಸಿಕೊಂಡ ಮೇಲೆ ಕೊಡಿ. ಕೊಟ್ಟ ರಕ್ತದ ದ್ರವ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ, ಕೆಂಪುಕಣ ತುಂಬಲು ವಾರಗಳು ಬೇಕು. ಅಲ್ಲಿಯವರೆಗೆ ಏದುಸಿರು ಬೇಗ ಬರುತ್ತದೆ. ರಕ್ತ ಆಕರಕೋಶ (ಸ್ಟೆಮ್ ಸೆಲ್) ದಾನಿಗಳ ಪಟ್ಟಿಗೆ ಸೇರಲು ಮಾತ್ರ ಕಾಯಬೇಕಿಲ್ಲ. ಕೆನ್ನೆಯ ಒಳಭಾಗವನ್ನು ಹತ್ತಿಕಡ್ಡಿಯಿಂದ ಸವರಿ ಕೊಟ್ಟರಾಯಿತು, ಓಟದ ಹಿಂದಿನ ದಿನವೂ ಆಗುತ್ತದೆ.