ರಷ್ಯಾದ ಪ್ರ್ಯಾನಿಕ್ ಅಂದ್ರೆ ಬರೀ ಶುಂಠಿ ಬಿಸ್ಕತ್ತು ತಾನೇ? ಅದಕ್ಕೆ ಅಲ್ಲಿ ಅಷ್ಟೊಂದು ಬೆಲೆ ಯಾಕೆ?

ಶುಂಠಿ ಬಿಸ್ಕತ್ತು ಅಂದರೆ ಸರಿ ಹೋಗುವುದಿಲ್ಲ, ಇದು ಜೇನು ಹಾಕಿ ಬೇಯಿಸುವ ಸಿಹಿ ತಿಂಡಿ. ಎಷ್ಟೋ ಪ್ರ್ಯಾನಿಕ್‌ಗಳಲ್ಲಿ ಶುಂಠಿಯೇ ಇರುವುದಿಲ್ಲ, ಕಚ್ಚಿದರೆ ಗರಿಗರಿ ಅನ್ನುವುದೂ ಇಲ್ಲ. ಹಿಂದೆ ರೈ (ಗೋಧಿಯಂಥ ಒಂದು ಧಾನ್ಯ) ಹಿಟ್ಟು, ಜೇನುತುಪ್ಪ, ಹಣ್ಣಿನ ರಸ ಇಷ್ಟೇ ಕಲಸಿ ಮಾಡುತ್ತಿದ್ದರು. ಏಲಕ್ಕಿ, ಲವಂಗ, ದಾಲ್ಚಿನ್ನಿ ಎಲ್ಲ ಆಮೇಲೆ ನಮ್ಮ ಕಡೆಯಿಂದ, ಅರಬರ ಕಡೆಯಿಂದ ವ್ಯಾಪಾರದಲ್ಲಿ ಹೋಗಿ ಸೇರಿದ್ದು.

ನಾನು ಅಲ್ಲಿ ಓದುವಾಗ ಇದನ್ನು ಜಾಸ್ತಿ ತಿಂದಿದ್ದು ಚಹಾದ ಜೊತೆಗೆ. ಆದರೆ ನನ್ನ ಮನಸ್ಸು ಗೆದ್ದಿದ್ದು ರುಚಿಗಿಂತ ಅದರ ಅಚ್ಚು. ನಮ್ಮ ಸಂಕ್ರಾಂತಿಯ ಸಕ್ಕರೆ ಅಚ್ಚು ನೋಡಿದ್ದೀರಲ್ವಾ, ಹಾಗೇ ಮರದ್ದು. ಪೇರ್, ಬರ್ಚ್ ಮರದ ಹಲಗೆಯಲ್ಲಿ ಕೋಳಿ, ಮೀನು, ರಾಜಲಾಂಛನ, ಅಕ್ಷರ ಎಲ್ಲವನ್ನೂ ಕೆತ್ತುತ್ತಾರೆ. ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿಯೇ ಕೆತ್ತಬೇಕು, ಇಲ್ಲದಿದ್ದರೆ ಹಿಟ್ಟಿನ ಮೇಲೆ ಉಲ್ಟಾ ಮೂಡುತ್ತದೆ. ಹಳೆಯ ಹಲಗೆಗಳ ಕೆಲಸ ನೋಡಿದರೆ ಇದನ್ನು ತಿಂಡಿಗಾಗಿ ಮಾಡಿದರಾ ಅನ್ನಿಸುತ್ತದೆ, ಅಷ್ಟು ಸೊಗಸು.

ಯಾಕೆ ಇಷ್ಟು ಶ್ರಮ ಅಂದರೆ, ಇದು ಸುಮ್ನೆ ಹಸಿವಿಗೆ ತಿನ್ನುವ ವಸ್ತು ಆಗಿರಲಿಲ್ಲ, ಒಬ್ಬರು ಇನ್ನೊಬ್ಬರಿಗೆ ಕೊಡುವ ವಸ್ತು. 1672ರಲ್ಲಿ ಮುಂದೆ ರಷ್ಯಾದ ದೊರೆಯಾಗಿ ಮಹಾನ್ ಪೀಟರ್ ಅನ್ನಿಸಿಕೊಂಡ ಮಗು ಹುಟ್ಟಿದಾಗ ಅರಮನೆಯ ಔತಣಕ್ಕೆ ಮಾಸ್ಕೋದ ಲಾಂಛನ ಇರುವ ದೊಡ್ಡ ಪ್ರ್ಯಾನಿಕ್ ಮಾಡಿಸಿದ್ದರು. ಮಕ್ಕಳಿಗೆ ಅಕ್ಷರ ಕಲಿಸಲು ಅಕ್ಷರದ ಪ್ರ್ಯಾನಿಕ್ ಕೊಡುತ್ತಿದ್ದರು. ಮದುವೆಯಲ್ಲಂತೂ ಊಟೋಪಚಾರ ಮುಗಿದ ಮೇಲೆ ಒಂದು ಪ್ರ್ಯಾನಿಕ್ ಕತ್ತರಿಸಿ ಎಲ್ಲರಿಗೂ ಹಂಚುತ್ತಿದ್ದರು, ತುಂಡು ಕೈಗೆ ಬಂತು ಅಂದರೆ ನೆಂಟರು ಇನ್ನು ಮನೆಗೆ ಹೊರಡಬೇಕು ಅಂತ ಅರ್ಥ. ಬಾಯಿಬಿಟ್ಟು ಹೇಳದೆ, ಕೈಗೆ ಸಿಹಿ ಕೊಟ್ಟು ಕಳಿಸುವ ಈ ಪದ್ಧತಿ ನನಗೆ ತುಂಬಾ ಇಷ್ಟ.

ಊರಿಗೊಂದು ಬಗೆಯೂ ಇದೆ. ವ್ಯಾಜ್ಮಾ, ಗೊರೊದೆತ್ಸ್ ಹೆಸರುವಾಸಿ. ಉತ್ತರದ ಅರ್ಖಾಂಗೆಲ್ಸ್ಕ್‌ನಲ್ಲಿ ಕ್ರಿಸ್‌ಮಸ್‌ಗೆ ಮೇಕೆ, ಜಿಂಕೆ ಆಕಾರದ 'ಕೊಜುಲಿ' ಮಾಡಿ ಬಣ್ಣದ ಸಕ್ಕರೆಯಲ್ಲಿ ಚಿತ್ರ ಬಿಡಿಸುತ್ತಾರೆ. ಎಲ್ಲಕ್ಕಿಂತ ದೊಡ್ಡ ಹೆಸರು ಮಾತ್ರ ಮಾಸ್ಕೋದ ದಕ್ಷಿಣಕ್ಕಿರುವ ತುಲಾದ್ದು. ಅಲ್ಲಿನ ಪ್ರ್ಯಾನಿಕ್ ಬಗ್ಗೆ 1685ರ ದಾಖಲೆಯಲ್ಲೇ ಬರುತ್ತದೆ. ಈಗ ಸಿಗುವುದು ಹೆಚ್ಚಾಗಿ ಆಯತಾಕಾರದ್ದು, ಮೇಲೆ ಊರಿನ ಹೆಸರು, ತೆಳ್ಳನೆಯ ಸಕ್ಕರೆ ಪಾಕ, ಒಳಗೆ ಜಾಮ್ ಅಥವಾ ಕಂಡೆನ್ಸ್ಡ್ ಮಿಲ್ಕ್.

ಹೋದರೆ ತುಲಾದ ಪ್ರ್ಯಾನಿಕ್ ಮ್ಯೂಸಿಯಂ ತಪ್ಪಿಸಬೇಡಿ, ಹಲಗೆಗಳನ್ನು ಹತ್ತಿರದಿಂದ ನೋಡಿ. ಊರಿಗೆ ತರುವುದಾದರೆ ಜಾಮ್ ಇರುವುದನ್ನೇ ತನ್ನಿ, ಪೊಟ್ಟಣ ಒಡೆದ ಮೇಲೆ ಗಾಳಿ ಆಡದ ಡಬ್ಬಿಯಲ್ಲಿಡಿ, ಇಲ್ಲದಿದ್ದರೆ ಬೇಗ ಗಟ್ಟಿಯಾಗುತ್ತದೆ.